ಕಿಟಕಿಯವಳ ಎರಡನೆಯ ರೆಕಾರ್ಡು

ಕೂಳೂರು ಸೇತುವೆಯ ಹತ್ತಿರ ಬಸ್ಸು ನಿಂತಿತು. ಎದುರಿನಿಂದ ಲಾರಿಯೊಂದು ಬರುತ್ತಿತ್ತು, ಅದು ದಾಟುವವರೆಗೆ ಕಾಯಬೇಕಿತ್ತು. ಮಳೆಗೆ ಟರ್ಪಾಲು ಇಳಿಬಿಟ್ಟಿದ್ದರಿಂದ ಒಳಗೆ ಅರೆಗತ್ತಲೆ. ಮುಂದಿನ ಸೀಟಿನ ಹೆಂಗಸು ಮಡಿಲಲ್ಲಿ ಒಂದು ರಟ್ಟಿನ ಪೆಟ್ಟಿಗೆ ಇಟ್ಟುಕೊಂಡಿದ್ದಳು. ಪೆಟ್ಟಿಗೆಯ ಒಂದು ಮೂಲೆ ನೆನೆದಿತ್ತು. ಒದ್ದೆ ರಟ್ಟಿನ ವಾಸನೆ, ಅದರೊಳಗಿನಿಂದ ಏಲಕ್ಕಿಯ ವಾಸನೆ. ಈ ಎರಡು ಸೇರಿ ಬರುವುದನ್ನು ನಾನು ಒಂದೇ ವಸ್ತುವಿನಲ್ಲಿ ಕಂಡಿದ್ದೇನೆ. ಅದು ನನ್ನ ಕಪಾಟಿನಲ್ಲಿರುವ ಒಂದು ಗ್ರಾಮಫೋನ್ ರೆಕಾರ್ಡಿನ ಹೊದಿಕೆ. ಲಾರಿ ದಾಟಿ ಹೋಯಿತು, ಬಸ್ಸು ಹೊರಟಿತು. ನಾನು ಮಾತ್ರ ನಾಲ್ಕು ವರ್ಷ ಹಿಂದಿನ ಮಳೆಗಾಲಕ್ಕೆ ಹೋಗಿಬಿಟ್ಟಿದ್ದೆ.

ಆ ವರ್ಷ ನಾನು ಮದ್ರಾಸಿನಲ್ಲಿ ಬಿ.ಎ. ಮುಗಿಸಿ ಮನೆಗೆ ಬಂದಿದ್ದೆ. ಎರಡನೆಯ ಭಾಷೆಯಾಗಿ ಫ್ರೆಂಚ್ ತೆಗೆದುಕೊಂಡಿದ್ದೆ. ನಮ್ಮ ಊರು ಕೊಟ್ಟಾರದಲ್ಲಿ ಅದರಿಂದ ಯಾರಿಗೂ ಉಪಯೋಗವಿರಲಿಲ್ಲ. ಅಪ್ಪ ದೇವಸ್ಥಾನದ ಅರ್ಚಕರು. ಬೆಳಗಿನ ಪೂಜೆ ಮುಗಿಸಿ ಬಂದು, ನಾನು ಕಿಟಕಿಯ ಬಳಿ ಓದುತ್ತಿರುವುದನ್ನು ನೋಡಿ ಒಳಗೆ ಹೋಗುತ್ತಿದ್ದರು. ಮುಂದೆ ಏನು ಎಂದು ಅವರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ನಮ್ಮ ಮನೆಯಲ್ಲಿ ಅದಕ್ಕೆ ಮರ್ಯಾದೆ ಎಂದು ಹೆಸರು.

ದೇವಸ್ಥಾನಕ್ಕೆ ಏಲಕ್ಕಿ, ಪಚ್ಚಕರ್ಪೂರ ಕೊಡುತ್ತಿದ್ದವರು ಬಂದರಿನ ವ್ಯಾಪಾರಿ ಇದಿನಬ್ಬ ಸಾಹುಕಾರರು. ಜೂನಿನ ಮೊದಲ ವಾರ ಅವರು ಛತ್ರಿ ಮಡಿಸಿ ನಮ್ಮ ಜಗಲಿಯ ಕೆಳಗೆ ನಿಂತರು.

"ಭಟ್ರೇ, ನಿಮ್ಮ ಮಗಳು ಮದ್ರಾಸಲ್ಲಿ ಕಲ್ತದ್ದಂತೆ. ನಮ್ಮ ಜೊಹರಾಗೆ ಎಸ್ಸೆಸ್ಸೆಲ್ಸಿಗೆ ಮನೆಯಿಂದಲೇ ಕಟ್ಬೇಕಂತೆ. ಒಂಬತ್ತನೆಯದಕ್ಕೆ ಬಿಡಿಸಿದ್ದು ನಾನೇ. ಈಗ ಅವಳ ಹಠ. ಸ್ವಲ್ಪ ಹೇಳಿಕೊಡ್ಲಿಕ್ಕೆ ಆಗ್ತದಾ?"

"ನನ್ನತ್ರ ಕೇಳುವುದೆಂತ ಸಾಹುಕಾರ್ರೇ, ಅವಳು ಅಲ್ಲೇ ಉಂಟಲ್ಲ" ಎಂದರು ಅಪ್ಪ.

ನಾನು ಆಗಬಹುದು ಎಂದೆ. ಅವರು ಹೋದ ಮೇಲೆ ಅಪ್ಪ ಒಂದೇ ಮಾತು ಹೇಳಿದರು: "ನೀರು, ಚಾ ಅಂತ ಕೊಟ್ರೆ ಅವರಿಗೆ ಬೇಜಾರಾಗದ ಹಾಗೆ ಎಂತಾದ್ರೂ ಹೇಳು." ಹಾಗೆಂದರೆ ಕುಡಿಯಬೇಡ ಎಂದೋ, ಕುಡಿ ಎಂದೋ? ನಾನು ಕೇಳಲಿಲ್ಲ.

ಕೇಳುವ ಅಗತ್ಯವೂ ಬರಲಿಲ್ಲ. ಮೊದಲ ದಿನ ನಾನು ಚಪ್ಪಲಿ ಬಿಡುತ್ತಿದ್ದಂತೆಯೇ ಜೊಹರಾಳ ತಾಯಿ ಐಸುಮ್ಮ ಒಂದು ಎಳನೀರಿನ ಬೊಂಡ ತರಿಸಿದ್ದರು. ನನ್ನ ಕಣ್ಣೆದುರೇ ಅದನ್ನು ಕೆತ್ತಿಸಿ ಕೈಗೆ ಕೊಟ್ಟರು. ಹೊರಗೆ ಧಾರಾಕಾರ ಮಳೆ, ಮೈಯೆಲ್ಲ ಚಳಿ, ಕೈಯಲ್ಲಿ ತಣ್ಣಗಿನ ಬೊಂಡ. ಒಳಗಿನಿಂದ ಏಲಕ್ಕಿ ಹಾಕಿ ಕುದಿಸಿದ ಚಾಯದ ಪರಿಮಳ ಬರುತ್ತಿತ್ತು. ವಾರಕ್ಕೆ ಮೂರು ಮಧ್ಯಾಹ್ನ, ಮೂರು ಬೊಂಡ. ಅವರ ಸೂಕ್ಷ್ಮಕ್ಕೆ ನಾನು ಋಣಿಯಾಗಿದ್ದೆ. ಚಾಯ ಮಾತ್ರ ಬೇಕಿತ್ತು.

ಬಂದರಿನ ಆ ಮನೆಯ ಒಳ ಜಗಲಿಯಲ್ಲಿ ಮಳೆಗಾಲವಿಡೀ ಏಲಕ್ಕಿ ಆರಿಸುವ ಕೆಲಸ. ಬೂಷ್ಟು ಹಿಡಿಯದ ಹಾಗೆ ಕೆಂಡದ ಒಲೆಯ ಮೇಲೆ ಜಾಲರಿ ಹಾಕಿ ಬಿಸಿ ಮಾಡುತ್ತಿದ್ದರು. ಆಮೇಲೆ ಚಾಪೆಯ ಮೇಲೆ ನಾಲ್ಕು ಹೆಂಗಸರು ಕೂತು ದಪ್ಪ, ನಡು, ಸಣ್ಣ, ಒಡೆದದ್ದು ಎಂದು ಬೇರೆ ಮಾಡುತ್ತಿದ್ದರು. ಐಸುಮ್ಮ ಅವರ ಎದುರು ಮಣೆಯ ಮೇಲೆ ಕೂತು ಮೊರದಲ್ಲಿ ಕೇರುತ್ತ ನೋಡುತ್ತಿದ್ದರು. ಅವರು ಯಾರ ಮುಖವನ್ನೂ ನೋಡುವುದಿಲ್ಲ, ಕೈಬೆರಳನ್ನು ಮಾತ್ರ ನೋಡುತ್ತಾರೆ ಎಂದು ನನಗೆ ತಿಳಿಯಲು ಸ್ವಲ್ಪ ದಿನ ಬೇಕಾಯಿತು.

"ಮುಖ ಸುಳ್ಳು ಹೇಳ್ತದೆ ಟೀಚರ್" ಎಂದಳು ಜೊಹರಾ, "ಉಮ್ಮನಿಗೆ ಬೆರಳು ಸಾಕು. ಆ ಐದು ಬೆರಳಲ್ಲಿ ಯಾವುದು ಉದಾಸೀನ ಮಾಡ್ತಾ ಉಂಟು ಅಂತ ಸಹ ಹೇಳ್ತಾರೆ."

ಅವಳಿಗೆ ಆಗ ಹದಿನೇಳು. ಗಣಿತದಲ್ಲಿ ಚುರುಕು, ಇಂಗ್ಲಿಷ್ ವ್ಯಾಕರಣದಲ್ಲಿ ಸೋಮಾರಿ, ಮಾತಿನಲ್ಲಿ ನನಗಿಂತ ಹತ್ತು ಪಾಲು ಧೈರ್ಯ. ಅವಳ ಮದುವೆಯ ಮಾತು ಆ ಮಳೆಗಾಲದಲ್ಲೇ ನಡೆದಿತ್ತು. ಕಾಸರಗೋಡಿನ ಹುಡುಗ, ಹೆಸರು ಅಬ್ಬಾಸ್. ಮಂಜಿ ಎಂಬ ಹಾಯಿ ಹಡಗಿನಲ್ಲಿ ಹೆಂಚು, ಕೊಬ್ಬರಿ ತುಂಬಿಸಿಕೊಂಡು ಉತ್ತರದ ಬಂದರುಗಳಿಗೆ ಹೋಗಿ ಬರುವವನು. ಮಳೆಗಾಲದಲ್ಲಿ ನದಿ ಸಮುದ್ರ ಸೇರುವ ಅಳಿವೆ ಬಾಗಿಲು ಮಂಜಿಗಳಿಗೆ ಮುಚ್ಚಿರುತ್ತದೆ. ಆ ತಿಂಗಳುಗಳಲ್ಲಿ ವ್ಯಾಪಾರದ ಮಾತುಗಳೆಲ್ಲ ಬರೀ ಮಾತು. ಅಳಿವೆ ತೆರೆದ ದಿನ ಹೇಳಿದ್ದೇ ಗಟ್ಟಿ. ಸಾಹುಕಾರರು ಮಗಳ ವಿಷಯದಲ್ಲೂ ಅದೇ ಕ್ರಮ ಹಿಡಿದಿದ್ದರು. "ನಿನಗೆ ಒಪ್ಪಿಗೆಯಾ ಇಲ್ವಾ ಅಂತ ಅಳಿವೆ ತೆರೆಯುವಷ್ಟರಲ್ಲಿ ಹೇಳು" ಎಂದಿದ್ದರು. ಒಪ್ಪಿದರೆ ಮಂಜಿ ಮೊದಲ ಸಲ ಹೋಗಿ ಬಂದ ಕೂಡಲೇ ನಿಖಾ. ಅಂದರೆ ಪರೀಕ್ಷೆಗೆ ಐದಾರು ತಿಂಗಳು ಮೊದಲು.

"ಹುಡುಗ ಹೇಗೆ?" ಎಂದು ನಾನು ಒಮ್ಮೆ ಕೇಳಿದೆ.

"ಒಳ್ಳೆಯವನೇ. ಅದೇ ಕಷ್ಟ" ಎಂದಳು. "ಕೆಟ್ಟವನಾದ್ರೆ ಬೇಡ ಅನ್ನಬಹುದಿತ್ತು. ಇವನಿಗೆ ಹೂಂ ಅನ್ಬೇಕು, ಆದ್ರೆ ಈಗ ಅನ್ಲಿಕ್ಕೆ ಮನಸ್ಸಿಲ್ಲ. ಹೂಂ, ಇಲ್ಲ ಎರಡೇ ಇರುವುದಲ್ವಾ ಟೀಚರ್? ಮೂರನೆಯದು ಉಂಟಾ?"

ನಾನು ಪಾಠಕ್ಕೆ ಹಿಂತಿರುಗಿದೆ.

ಜೊಹರಾಳ ಅಣ್ಣ ಹಮೀದ್ ಹಡಗಿನಲ್ಲಿ ಕೆಲಸಕ್ಕಿದ್ದ. ಹಿಂದಿನ ಬೇಸಗೆಯಲ್ಲಿ ಅವನು ಸೂಟ್‌ಕೇಸಿನಂತೆ ಮುಚ್ಚುವ ಒಂದು ರೆಕಾರ್ಡ್ ಪ್ಲೇಯರನ್ನೂ ಫ್ರಾನ್ಸಿನ ಯಾವುದೋ ಬಂದರಿನಲ್ಲಿ ಕೊಂಡ ಎರಡು ರೆಕಾರ್ಡುಗಳನ್ನೂ ತಂದಿಟ್ಟು ಹೋಗಿದ್ದ. ಎರಡೂ ಒಬ್ಬಳೇ ಹಾಡುಗಾರ್ತಿಯವು. ಅವಳ ಹೆಸರನ್ನು ನಾವು ಯಾರೂ ಸರಿಯಾಗಿ ಕರೆಯಲಿಲ್ಲ, ಇಲ್ಲಿಯೂ ಬರೆಯುವುದಿಲ್ಲ. ಮೊದಲನೆಯ ರೆಕಾರ್ಡಿನ ಹೊದಿಕೆಯಲ್ಲಿ ಅವಳು ಕೆಂಪು ಅಂಗಿ ತೊಟ್ಟು, ಒಂದು ಕಾಲೆತ್ತಿ, ಬಾಯಿತುಂಬ ನಗುತ್ತಿದ್ದಳು. ಎಲ್ಲ ಹಾಡುಗಳೂ ಓಡುವ ಹಾಡುಗಳು. ಎರಡನೆಯದರಲ್ಲಿ ನೀಲಿ ಬಾಗಿಲಿನ ಒಂದು ಕಿಟಕಿ, ಅದರ ಹಿಂದೆ ಅವಳ ಅರ್ಧ ಮುಖ. ಆ ಮುಖದಲ್ಲಿ ನಗುವಿರಲಿಲ್ಲ, ದುಃಖವೂ ಇರಲಿಲ್ಲ. ಏನನ್ನೋ ಎಣಿಸುತ್ತಿದ್ದವಳ ಹಾಗೆ ಕಾಣುತ್ತಿದ್ದಳು.

"ಇವರು ಅಕ್ಕತಂಗಿಯರಾ?" ಎಂದು ಜೊಹರಾ ಕೇಳಿದ್ದಳು. ಒಬ್ಬಳೇ, ಎರಡರ ನಡುವೆ ಒಂದೇ ವರ್ಷ ಎಂದು ಓದಿ ಹೇಳಿದಾಗ ನಂಬಲಿಲ್ಲ. "ಒಂದು ವರ್ಷದಲ್ಲಿ ಇವಳಿಗೆ ಎಂತ ಆಯ್ತು ಮಾರಾಯ್ತಿ!"

ಮನೆಯಲ್ಲಿ ಎಲ್ಲರಿಗೂ ಕೆಂಪಂಗಿಯವಳು ಬೇಕು. ಕಿಟಕಿಯವಳು ಯಾರಿಗೂ ಬೇಡ. ನನಗೆ ಮಾತ್ರ ಕಿಟಕಿಯವಳೇ ಸೇರಿದಳು. ಪಾಠ ಮುಗಿದ ಮೇಲೆ ಜೊಹರಾ ನನಗೋಸ್ಕರ ಅದನ್ನು ಹಾಕುತ್ತಿದ್ದಳು. ಹೊರಗೆ ಹೆಂಚಿನಿಂದ ನೀರು ಇಳಿಯುತ್ತಿತ್ತು. ಕೆಂಡದ ತೆಳು ಹೊಗೆ ಜಂತಿಯವರೆಗೆ ಹೋಗಿ ಅಲ್ಲೇ ನಿಲ್ಲುತ್ತಿತ್ತು. ಕಪ್ಪು ತಟ್ಟೆ ತಿರುಗುತ್ತಿತ್ತು. ಆ ಹಾಡುಗಳಿಗೆ ಅವಸರವಿರಲಿಲ್ಲ. ಒಂದು ರಾಗ ಸ್ವಲ್ಪ ದೂರ ಹೋಗಿ, ಏನೋ ಮರೆತವರ ಹಾಗೆ ಮತ್ತೆ ಹೊರಟಲ್ಲಿಗೆ ಬರುತ್ತಿತ್ತು. ಹಿನ್ನೆಲೆಯಲ್ಲಿ ಕಟಕಟ ಎಂದು ಮರದ ಸಣ್ಣ ಸದ್ದು. ಮಳೆ ಯಾವುದು, ರೆಕಾರ್ಡು ಯಾವುದು ಎಂದು ತಿಳಿಯದೆ ನಾನು ಎಷ್ಟೋ ಸಲ ಬಸ್ಸು ತಪ್ಪಿಸಿಕೊಂಡಿದ್ದೇನೆ.

ಜುಲೈಯ ಒಂದು ಮಧ್ಯಾಹ್ನ ಜೊಹರಾ ಹೊದಿಕೆಯ ಹಿಂಭಾಗವನ್ನು ನನ್ನ ಮುಂದೆ ಹಿಡಿದಳು. ಪುಟ್ಟ ಅಕ್ಷರದಲ್ಲಿ ಎಂಟು ಪ್ಯಾರಾ. "ಇವಳೇ ಬರೆದದ್ದಂತೆ ಅಲ್ವಾ? ಕೆಳಗೆ ಸೈನ್ ಉಂಟು. ಓದಿ ಟೀಚರ್. ಕುಣಿಯುವುದು ಬಿಟ್ಟು ಕಿಟಕಿಯಲ್ಲಿ ಯಾಕೆ ಕೂತಳು ಅಂತ ಗೊತ್ತಾಗ್ಲಿ."

ಐಸುಮ್ಮ ಮೊರ ಕೆಳಗಿಟ್ಟರು. ಆರಿಸುವ ಹೆಂಗಸರು ಕೈ ನಿಲ್ಲಿಸದೆ ಕಿವಿಗೊಟ್ಟರು. ಸಾಲಿನ ಕೆಳಗೆ ಬೆರಳು ಓಡಿಸುತ್ತ ಓದುವುದು ನನ್ನ ಅಭ್ಯಾಸ. ಒಂದೊಂದೇ ವಾಕ್ಯ ನೋಡಿ, ಅದನ್ನು ಕನ್ನಡದಲ್ಲಿ ಹೇಳತೊಡಗಿದೆ.

ಮೊದಲ ರೆಕಾರ್ಡು ಚೆನ್ನಾಗಿ ಹೋಯಿತು, ಅಂಥದ್ದೇ ಇನ್ನೂ ಹನ್ನೆರಡು ಹಾಡು ಕೊಡು ಎಂದು ಎಲ್ಲರೂ ಹೇಳಿದರು ಎಂದು ಅವಳು ಬರೆದಿದ್ದಳು. ಅವಳು ಕೂತು ಹಾಡಿ ನೋಡಿದಳು. ತನ್ನದೇ ಹಾಡನ್ನು ತಾನೇ ಅಣಕಿಸಿದ ಹಾಗಾಯಿತು. ಆಗ ಸಮುದ್ರದ ದಡದ ಒಂದು ಸಣ್ಣ ಊರಿನಲ್ಲಿದ್ದ ತನ್ನ ತಾಯಿಯ ಅಕ್ಕನ ಮನೆಗೆ ಹೋದಳು. ಆ ಊರಿನ ಹೆಂಗಸರು ಬಟ್ಟೆಯ ಅಂಚಿಗೆ ಲೇಸು ಹೆಣೆಯುವವರು. ನೂಲು ಸುತ್ತಿದ ಮರದ ಕಡ್ಡಿಗಳನ್ನು ದಿಂಬಿನ ಮೇಲೆ ಅದಲು ಬದಲು ಮಾಡುತ್ತ ಹೆಣೆಯುತ್ತಾರೆ. ಲೆಕ್ಕ ತಪ್ಪಬಾರದೆಂದು ಬಾಯಲ್ಲಿ ಒಂದು ಗುನುಗು. ಒಂಬತ್ತು ಎಣಿಕೆಗೆ ಒಮ್ಮೆ ಆ ಗುನುಗು ಮೊದಲಿಗೆ ಬರಬೇಕು. ಗುನುಗು ತಪ್ಪಿದರೆ ಅಷ್ಟನ್ನೂ ಬಿಚ್ಚಿ ಮತ್ತೆ ಹೆಣೆಯಬೇಕು. ಅವಳು ನೀಲಿ ಕಿಟಕಿಯ ಬಳಿ ಕೂತು ಚಳಿಗಾಲವಿಡೀ ಅದನ್ನು ಕೇಳಿದಳು. ಈ ರೆಕಾರ್ಡಿನ ಹಾಡುಗಳೆಲ್ಲ ಆ ಗುನುಗಿನಿಂದ ಬಂದವು. ಕಟಕಟ ಸದ್ದು ದೊಡ್ಡಮ್ಮನ ಕಡ್ಡಿಗಳದ್ದು.

"ಕೇಳಿದ್ರಾ!" ಎಂದಳು ಆರಿಸುವವರಲ್ಲಿ ಹಿರಿಯಳಾದ ನೆಬೀಸಾ. "ಅಲ್ಲಿ ಸಹ ಹೆಂಗಸರಿಗೆ ಇದೇ ಕೆಲಸ. ಕೂತು ಕೂತು ಸೊಂಟ ಹೋಗುವುದು."

ಎಲ್ಲರೂ ನಕ್ಕರು. ಆ ನಗುವಿನ ನಡುವೆ ನನ್ನ ಕಣ್ಣು ಏಳನೆಯ ಪ್ಯಾರಾದ ಮೇಲೆ ಹೋಯಿತು. ಅದರಲ್ಲಿ ಹೀಗಿತ್ತು: ಆ ವಸಂತಕ್ಕೆ ನನ್ನ ಮದುವೆ ಎಂದು ನಿಶ್ಚಯವಾಗಿತ್ತು. ನಾನು ಪ್ರೀತಿಸಿದವನೇ. ಒಂದು ವರ್ಷ ಕೊಡು ಎಂದು ನಾನು ಅವನನ್ನು ಕೇಳಿದೆ. ಅಮ್ಮ ಅತ್ತಳು. ಅವನು ಮೊದಲು ನಕ್ಕ, ಆಮೇಲೆ ಮುನಿಸಿಕೊಂಡ, ಆಮೇಲೆ ಪ್ರತಿ ಭಾನುವಾರ ರೈಲಿನಲ್ಲಿ ರೊಟ್ಟಿ ಹಿಡಿದುಕೊಂಡು ಬರತೊಡಗಿದ. ಕೇಳುವಾಗ ಅವನು ಕೊಡುತ್ತಾನೋ ಇಲ್ಲವೋ ನನಗೆ ಗೊತ್ತಿರಲಿಲ್ಲ. ಹಾಗೆ ಕೇಳಿದ್ದೇ ಈ ರೆಕಾರ್ಡಿನ ಮೊದಲ ಹಾಡು.

ಜೊಹರಾ ನನ್ನ ಬಾಯಿ ನೋಡುತ್ತಿದ್ದಳು. ಅವಳ ಹಿಂದೆ ಐಸುಮ್ಮ, ತಲೆಯ ಬಟ್ಟೆ ಸರಿಮಾಡಿಕೊಳ್ಳುತ್ತ. ಒಂದು ಕ್ಷಣದಲ್ಲಿ ನಾನು ಎಷ್ಟೆಲ್ಲ ಯೋಚಿಸಿದೆ! ಪರರ ಮನೆ. ಮದುವೆಯ ಮಾತು ನಡೆಯುತ್ತಿರುವ ಹುಡುಗಿ. ಭಟ್ಟರ ಮಗಳು ಬಂದು ಇಲ್ಲದ್ದನ್ನು ತಲೆಗೆ ತುಂಬಿಸಿದಳು ಎಂದು ಈ ತಾಯಿಗೆ ಅನಿಸಿದರೆ? ಪಾಠ ನಿಲ್ಲುತ್ತದೆ, ಸಾಹುಕಾರರಿಗೂ ಅಪ್ಪನಿಗೂ ನಡುವೆ ಇರುಸುಮುರುಸು. ನನ್ನ ಬೆರಳು ಆರನೆಯ ಪ್ಯಾರಾದಿಂದ ಎಂಟನೆಯದಕ್ಕೆ ಹೋಯಿತು. ಅದರಲ್ಲಿ ವಾದ್ಯ ನುಡಿಸಿದವರಿಗೆ, ದೊಡ್ಡಮ್ಮನಿಗೆ ಧನ್ಯವಾದ ಹೇಳಿತ್ತು. ಅದನ್ನು ಓದಿ ಹೊದಿಕೆ ಮಡಿಲಿಗೆ ಇಳಿಸಿದೆ.

"ಮುಗೀತಾ?" ಎಂದರು ಐಸುಮ್ಮ.

"ಮುಗೀತು."

"ಸಣ್ಣ ಅಕ್ಷರದಲ್ಲಿ ತುಂಬಾ ಬರ್ದಿದ್ದಾಳೆ" ಎಂದು ಅವರು ಮೊರ ಎತ್ತಿಕೊಂಡರು.

ಆ ದಿನದಿಂದ ಮನೆಯಲ್ಲಿ ಕಿಟಕಿಯವಳ ಕಾಲ ಬಂತು. ನೆಬೀಸಾ ಕೆಲಸಕ್ಕೆ ಕೂತ ಕೂಡಲೇ "ಅವಳನ್ನು ಹಾಕು ಜೊಹರಾ" ಎನ್ನುತ್ತಿದ್ದಳು. ಒಂದು ವಾರ ಕಳೆಯುವಷ್ಟರಲ್ಲಿ ಹೆಂಗಸರು ರೆಕಾರ್ಡಿಲ್ಲದೆಯೂ ಆ ರಾಗವನ್ನು ಗುನುಗತೊಡಗಿದರು. ಅದಕ್ಕೆ ಅವರ ಮನೆಮಾತಾದ ಬ್ಯಾರಿ ಭಾಷೆಯ ಮದುವೆ ಹಾಡಿನ ಮಾತುಗಳು ತಾವಾಗಿಯೇ ಬಂದು ಸೇರಿದವು. ಒಂಬತ್ತು ಏಲಕ್ಕಿ ಬೀಳುವಷ್ಟರಲ್ಲಿ ರಾಗ ಮೊದಲಿಗೆ ಬರುತ್ತಿತ್ತು. ಎಲ್ಲಿಯ ಕಡಲತೀರದ ಯಾವ ಮುದುಕಿಯ ಕಡ್ಡಿಯ ಲೆಕ್ಕವೋ, ಇಲ್ಲಿ ಬಂದರಿನ ಹೊಗೆಯೊಳಗೆ ಏಲಕ್ಕಿಯ ಲೆಕ್ಕವಾಯಿತು. ನಾನು ತಣ್ಣನೆಯ ಬೊಂಡ ಹಿಡಿದು ಕೂತು ಕೇಳುತ್ತಿದ್ದೆ. ನನಗೆ ಮಾತ್ರ ಆ ಗುನುಗು ಪ್ರತಿ ಸಲ ಒಂದು ಕಡೆ ತಪ್ಪಿದ ಹಾಗೆ ಕೇಳಿಸುತ್ತಿತ್ತು. ಅಷ್ಟನ್ನೂ ಬಿಚ್ಚಬೇಕು ಎಂದು ಅನಿಸುತ್ತಿತ್ತು. ಜೊಹರಾ ಒಬ್ಬಳೇ ಸಿಕ್ಕಾಗ ಹೇಳಿಬಿಡೋಣ ಎಂದುಕೊಂಡು ಹೋದ ದಿನಗಳುಂಟು. ಹೋಗಿ, ಕರ್ಮಣಿ ಪ್ರಯೋಗ ಹೇಳಿಕೊಟ್ಟು ಬಂದೆ.

ಆಗಸ್ಟ್ ಮೊದಲ ವಾರ ಅವಳು ನನ್ನ ಫ್ರೆಂಚ್–ಇಂಗ್ಲಿಷ್ ನಿಘಂಟನ್ನು ಕೇಳಿದಳು.

"ಎಂತಕ್ಕೆ?"

"ಹಮೀದಣ್ಣ ಬಂದಾಗ ಫ್ರೆಂಚಲ್ಲಿ ಬೈಲಿಕ್ಕೆ."

ಕೊಟ್ಟೆ. ಅವಳಿಗಾಗಿ ಏನನ್ನಾದರೂ ಕೊಟ್ಟೆನಲ್ಲ ಎಂದು ಸಮಾಧಾನವೂ ಆಯಿತು.

ಮಳೆ ತೆಳ್ಳಗಾಯಿತು. ಮೀನುಗಾರ ಮೊಗವೀರರು ಕಡಲಿಗೆ ಹಾಲೆರೆದರು. ದಕ್ಕೆಯಲ್ಲಿ ಮಂಜಿಗಳ ಸಂದುಗಳಿಗೆ ಎಣ್ಣೆ ಮೆತ್ತುವ ವಾಸನೆ ಮನೆಯವರೆಗೆ ಬರುತ್ತಿತ್ತು. ಇನ್ನು ಮೂರು ದಿನದಲ್ಲಿ ಅಳಿವೆ ತೆರೆಯುತ್ತದೆ ಎಂದು ಸಾಹುಕಾರರು ಯಾರಿಗೋ ಹೇಳುತ್ತಿದ್ದರು. ನಾನು ಒಳಗೆ ಹೋದಾಗ ಜೊಹರಾ ಎಂದಿನಂತೆ ಎದ್ದು ನಿಲ್ಲಲಿಲ್ಲ. ಕಾಂಪೊಸಿಷನ್ ಪುಸ್ತಕವನ್ನು ನನ್ನ ಕಡೆ ತಳ್ಳಿದಳು.

"ತಿದ್ದಿ ಕೊಡಿ ಟೀಚರ್."

ಪುಟದ ತುಂಬ ಹೊಡೆದುಹಾಕಿದ ಸಾಲುಗಳು. ಕೆಳಗೆ ಶುದ್ಧ ಪ್ರತಿ: "ಬೇಸಗೆಗೆ ನನ್ನ ಮದುವೆ ಅಂತ ಆಗಿತ್ತು. ಒಂದು ವರ್ಷ ಕೊಡು ಅಂತ ಕೇಳಿದೆ. ತಾಯಿ ಅತ್ತರು. ಅವನು ನಗಾಡಿದ, ಕೋಪ ಮಾಡಿದ, ಮತ್ತೆ ಆದಿತ್ಯವಾರ ರೈಲಿನಲ್ಲಿ ಬ್ರೆಡ್ಡು ತಂದ. ಕೊಡ್ತಾನಾ ಇಲ್ವಾ ಗೊತ್ತಿರಲಿಲ್ಲ. ಕೇಳಿದ್ದೇ ಮೊದಲನೇ ಹಾಡು."

ಕೆಂಪು ಪೆನ್ಸಿಲ್ ನನ್ನ ಕೈಯಲ್ಲಿತ್ತು. ವಸಂತ ಎಂಬಲ್ಲಿ ಬೇಸಗೆ ಎಂದಿತ್ತು. ಅದನ್ನು ನಾನು ತಿದ್ದಲಿಲ್ಲ.

"ಯಾವಾಗ ಗೊತ್ತಾಯ್ತು?" ಎಂದೆ.

"ನನಗೆ ಗೊತ್ತಾಗ್ಲಿಲ್ಲ. ನಾನು ನಿಮ್ಮ ಬಾಯಿ ನೋಡ್ತಾ ಇದ್ದೆ" ಎಂದಳು ಜೊಹರಾ. "ಗೊತ್ತಾದದ್ದು ಉಮ್ಮನಿಗೆ."

ಐಸುಮ್ಮ ಮಣೆಯಿಂದ ಎದ್ದು ಬಂದರು. ಅವರು ನನ್ನ ಎದುರು ಕೂತದ್ದು ಅದೇ ಮೊದಲು.

"ನಿಮ್ಮ ಬೆರಳು ಹಾರಿತು ಟೀಚರ್" ಎಂದರು. "ಎಲ್ಲ ಸಾಲಿನ ಅಡಿಗೆ ಹೋಗ್ತಾ ಇದ್ದದ್ದು, ಅಲ್ಲಿ ಇಷ್ಟು ಹಾರಿತು." ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಒಂದು ಏಲಕ್ಕಿಯಷ್ಟು ಜಾಗ ತೋರಿಸಿದರು. "ನನಗೆ ಕನ್ನಡವೇ ಓದ್ಲಿಕ್ಕೆ ಬರುವುದಿಲ್ಲ. ಆದ್ರೆ ಬಿಟ್ಟದ್ದು ಕಾಣ್ತದೆ. ಅವತ್ತು ರಾತ್ರಿಯೇ ಇವಳ ಹತ್ರ ಹೇಳಿದೆ, ಟೀಚರು ಎಂತದ್ದೋ ಬಿಟ್ಟಿದ್ದಾರೆ, ನನ್ನ ಮುಖ ನೋಡಿ ಬಿಟ್ಟದ್ದು, ಅದು ನಿನಗೆ ಬೇಕಾದದ್ದೇ ಇರ್ಬೇಕು, ಹುಡುಕು ಅಂತ."

"ನಿಮಗೆ ಬೇಜಾರಾದೀತು ಅಂತ..." ಎಂದು ಶುರುಮಾಡಿ ನಿಂತೆ. ಎರಡು ತಿಂಗಳು ಅಷ್ಟು ದೊಡ್ಡದಾಗಿ ಕಂಡಿದ್ದ ಕಾರಣ ಹೇಳಹೊರಟಾಗ ಇಷ್ಟೇ ಇತ್ತು.

"ನನ್ನನ್ನು ಮದುವೆ ಮಾಡುವಾಗ ಹದಿಮೂರು" ಎಂದರು ಐಸುಮ್ಮ. "ನನ್ನ ಹತ್ರ ಯಾರೂ ಕೇಳ್ಲಿಲ್ಲ. ನೀವು ಸಹ ಕೇಳ್ಲಿಲ್ಲ, ಇದು ಓದುವುದಾ ಬಿಡುವುದಾ ಅಂತ." ಅವರ ಮಾತಿನಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನನಗೆ ಸುಲಭವಾಗುತ್ತಿತ್ತು. ಆಮೇಲೆ ಅವರು ನನ್ನ ಕೈಯಲ್ಲಿದ್ದ ಬೊಂಡವನ್ನು ನೋಡಿ ಇದ್ದಕ್ಕಿದ್ದಂತೆ ನಕ್ಕುಬಿಟ್ಟರು. "ನಾನೆಂತ ಕಡಿಮೆಯಾ? ಜೂನಿಂದ ಈ ಚಳಿಗೆ ಬೊಂಡ ಕುಡಿಸ್ತಾ ಇದ್ದೇನೆ. ಚಾಯ ಆಗ್ತದಾ ಅಂತ ಒಂದು ದಿನ ಕೇಳ್ಲಿಲ್ಲ."

"ಆಗ್ತದೆ" ಎಂದೆ. ಕಣ್ಣು ತುಂಬಿ ಬಂದು ಪುಸ್ತಕದ ಸಾಲುಗಳು ಕಾಣದಾದವು.

ಜೊಹರಾ ಒಳಗಿನಿಂದ ಚಾಯ ತಂದಳು. ಗ್ಲಾಸು ಹಿಡಿಯಲಾಗದಷ್ಟು ಬಿಸಿ. "ಮತ್ತೆ ಮಾರ್ಕ್ ಎಷ್ಟು ಟೀಚರ್?" ಎಂದಳು.

"ಹತ್ತಕ್ಕೆ ಹತ್ತು."

"ಸುಳ್ಳು. ಬೇಸಗೆ ತಪ್ಪು ಅಂತ ನನಗೆ ಗೊತ್ತುಂಟು. ವಸಂತ ಅಂತ ಬರೆದ್ರೆ ಬಾಪನಿಗೆ ಅರ್ಥ ಆಗುವುದಿಲ್ಲ ಅಂತ ಹಾಗೆ ಬರೆದದ್ದು. ಇದನ್ನು ಅವರಿಗೆ ಓದಿ ಹೇಳುವುದು ನಾನು."

ಅಳಿವೆ ತೆರೆದ ದಿನ ಅವಳು ಅದನ್ನು ಓದಿ ಹೇಳಿದಳು. ನಾನು ಅಲ್ಲಿರಲಿಲ್ಲ. ಅಪ್ಪನಿಗೆ ಹುಷಾರಿರಲಿಲ್ಲ, ನಾನು ಮನೆಯಲ್ಲಿದ್ದೆ. ದೂರದ ಸಮುದ್ರವನ್ನೇ ಕೇಳುತ್ತಿದ್ದೆ ಎಂದರೆ ಸುಳ್ಳಾದೀತು, ಕೊಟ್ಟಾರಕ್ಕೆ ಅದು ಕೇಳಿಸುವುದಿಲ್ಲ. ಮರುದಿನ ಜೊಹರಾ ಹೇಳಿದ ಪ್ರಕಾರ, ಸಾಹುಕಾರರು "ಈ ಫ್ರಾನ್ಸಿನ ಹೆಂಗಸಿಗೆ ನಮ್ಮ ಮನೆಯ ವಿಷಯ ಯಾರು ಹೇಳಿದ್ದು?" ಎಂದರಂತೆ. ಆಮೇಲೆ ಕಾಸರಗೋಡಿಗೆ ಮಗಳ ಮಾತನ್ನು ಮಗಳ ಮಾತಾಗಿಯೇ ಹೇಳಿಕಳುಹಿಸಿದರಂತೆ: ಒಪ್ಪಿಗೆ ಉಂಟು, ಒಂದು ವರ್ಷ ಬೇಕು.

ಆ ಮುಂದಿನ ಹನ್ನೆರಡು ದಿನ ಮನೆಯಲ್ಲಿ ಕೆಂಪಂಗಿಯವಳನ್ನೂ ಹಾಕಲಿಲ್ಲ, ಕಿಟಕಿಯವಳನ್ನೂ ಹಾಕಲಿಲ್ಲ. ಜೊಹರಾಳ ಕೈಬರಹ ಕೆಟ್ಟಿತು. ಮಾತು ಮುರಿದರೆ ಅದರಲ್ಲಿ ನನ್ನ ಪಾಲೆಷ್ಟು ಎಂದು ನಾನು ಬಸ್ಸಿನಲ್ಲಿ ಹೋಗುತ್ತ ಬರುತ್ತ ಯೋಚಿಸುತ್ತಿದ್ದೆ. ಓದಿದ್ದರೂ ಪಾಲು, ಓದದಿದ್ದರೂ ಪಾಲು.

ಹದಿಮೂರನೆಯ ದಿನ ಅಬ್ಬಾಸನ ಕಾಗದ ಬಂತು. ವ್ಯಾಪಾರಿಯ ಕಾಗದ, ಐದೇ ಸಾಲು. ವರ್ಷ ಆಗುವುದಿಲ್ಲ, ಪರೀಕ್ಷೆಯ ತನಕ ಆಗುತ್ತದೆ. ಪರೀಕ್ಷೆ ಮುಗಿದು, ಅಳಿವೆ ಮತ್ತೆ ಮುಚ್ಚುವ ಮೊದಲು ನಿಖಾ. ಹೇಗೂ ಮಳೆಗಾಲದಲ್ಲಿ ತನಗೆ ಬೇರೆ ಕೆಲಸವಿಲ್ಲ. ಕೊನೆಯ ಸಾಲು ಹೀಗಿತ್ತು: ಮೊದಲೇ ಕೇಳಿದ್ದರೆ ಮೊದಲೇ ಹೇಳುತ್ತಿದ್ದೆ.

"ಚೌಕಾಸಿ ಮಾಡಿದ!" ಎಂದು ಜೊಹರಾ ಕಿರುಚಿದಳು. ಕೋಪವೋ ಸಂತೋಷವೋ ಅವಳಿಗೇ ತಿಳಿದಿರಲಿಲ್ಲ. ನೆಬೀಸಾ ಹೋಗಿ ಕಿಟಕಿಯವಳನ್ನು ಹಾಕಿದಳು.

ಅವಳು ಪಾಸಾದಳು. ಇಂಗ್ಲಿಷಿನಲ್ಲಿ ನಾನು ಹೆದರಿದ್ದಕ್ಕಿಂತ ಹೆಚ್ಚು ಅಂಕ ಬಂತು. ಮೇ ತಿಂಗಳಲ್ಲಿ ಮದರಂಗಿಯ ದಿನ ಹೆಂಗಸರು ಚಪ್ಪಾಳೆ ತಟ್ಟಿ ಹಾಡುವಾಗ ನಡುವೆ ಆ ಒಂಬತ್ತರ ಗುನುಗು ಬಂತು. ನೆಂಟರು ಅದನ್ನು ಉಳ್ಳಾಲ ಕಡೆಯ ಹಳೆಯ ಹಾಡು ಎಂದುಕೊಂಡರು. ಯಾರೂ ತಿದ್ದಲಿಲ್ಲ. ಮದುವೆಯಾದ ಮೇಲೆ ಅವಳು ಎಲ್ಲಿಗೂ ಹೋಗಲಿಲ್ಲ, ಅವರ ಕ್ರಮದಂತೆ ಅಬ್ಬಾಸನೇ ಈ ಮನೆಗೆ ಬಂದ. ಊರು ಬಿಟ್ಟವಳು ನಾನು. ಉಡುಪಿ ಕಡೆಯ ಕಾಲೇಜಿನಲ್ಲಿ ಕೆಲಸ ಸಿಕ್ಕಿದಾಗ ಅಪ್ಪನ ಎದುರು ನಿಂತು, "ನಾನು ಹೋಗುವುದು ನಿಮಗೆ ಇಷ್ಟವಾ?" ಎಂದು ಕೇಳಿದೆ. ಅವರು ಸ್ವಲ್ಪ ಬೆಚ್ಚಿದರು. ನಮ್ಮಲ್ಲಿ ಹಾಗೆ ಕೇಳುವ ರೂಢಿಯಿರಲಿಲ್ಲ. "ಇಷ್ಟ ಇಲ್ಲ" ಎಂದರು, "ಆದ್ರೆ ಹೋಗು." ಆ ಉತ್ತರ ನನಗೆ ಇಂದಿಗೂ ಬೇಕಾಗುತ್ತದೆ. ಹೊರಡುವ ವಾರ ಜೊಹರಾ ರೆಕಾರ್ಡನ್ನು ನನ್ನ ಕೈಯಲ್ಲಿಟ್ಟಳು. ಅಲ್ಲಿ ಅದನ್ನು ನುಡಿಸುವ ಯಂತ್ರ ನನಗಿಲ್ಲ. ಆಗಾಗ ಹೊದಿಕೆ ತೆರೆದು ಮೂಸಿ ನೋಡಿ ಮುಚ್ಚುತ್ತೇನೆ.

ಬಸ್ಸಿಳಿದು, ಪೆಟ್ಟಿಗೆಯ ಹೆಂಗಸು ಒಂದು ಕಡೆ ಹೋದಳು, ನಾನು ಬಂದರಿನ ಕಡೆ ನಡೆದೆ. ಮಳೆ ನಿಂತಿರಲಿಲ್ಲ. ಒಳ ಜಗಲಿಯಲ್ಲಿ ಹೊಗೆ, ಚಾಪೆ, ಹೆಂಗಸರು. ಜೊಹರಾ ಮಗುವನ್ನು ಸೊಂಟದಲ್ಲಿಟ್ಟುಕೊಂಡು ಮೊರ ಹಿಡಿದಿದ್ದಳು, ಅವಳ ಕಣ್ಣು ಎಲ್ಲರ ಬೆರಳ ಮೇಲಿತ್ತು. ನನ್ನ ಚಪ್ಪಲಿಯ ಸದ್ದಿಗೆ ಅಡುಗೆಮನೆಯಿಂದ ಐಸುಮ್ಮನ ಧ್ವನಿ ಬಂತು.

"ಟೀಚರಾ? ಚಾಯವಾ, ಬೊಂಡವಾ?"

ಒಲೆಯ ಮೇಲೆ ಚಾಯ ಆಗಲೇ ಕುದಿಯುತ್ತಿತ್ತು. ಅವರಿಗೆ ಉತ್ತರ ಗೊತ್ತು. ನಾಲ್ಕು ವರ್ಷದಿಂದ ನಾನು ಹೋದಾಗಲೆಲ್ಲ ಅವರು ಕೇಳುತ್ತಾರೆ, ನಾನು ಹೇಳುವವರೆಗೆ ಗ್ಲಾಸಿಗೆ ಸುರಿಯುವುದಿಲ್ಲ.